ಅಪ್ಪ ಬೇಕೆಂದೇ ಹೀಗೆ ಮಾಡುತ್ತಾರೆಯೇ?

ಪ್ರಶ್ನೆ: ತಂದೆಗೆ 74 ವರ್ಷ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಬಹಳ ವರ್ಷದಿಂದ ಬಿಪಿ, ಸಕ್ಕರೆ ಕಾಯಿಲೆ ಇದೆ. ಕಳೆದ ವರ್ಷ ಎಡಗೈ ಸೋತು, ಸಂಜೆಯೊಳಗೆ ಸರಿಹೋಯಿತು. ಆಮೇಲೆ ಬದಲಾಗಿಬಿಟ್ಟಿದ್ದಾರೆ. ಹಳೆಯದೆಲ್ಲ ನೆನಪಿದೆ, ಆದರೆ ಒಂದು ಬಿಲ್ ಕಟ್ಟಲು ಅರ್ಧ ದಿನ ಬೇಕು. ಕೇಳಿದರೆ ರೇಗುತ್ತಾರೆ, ಇಲ್ಲವೇ ಕಣ್ಣೀರು ಹಾಕುತ್ತಾರೆ. ಸ್ಕ್ಯಾನ್ ನೋಡಿದ ಡಾಕ್ಟರು ‘ಮಿದುಳಿನ ಸಣ್ಣ ರಕ್ತನಾಳಗಳ ಕಾಯಿಲೆ’ ಎಂದರು. ಅಣ್ಣ ‘ಅರಳು ಮರಳು, ಬಿಡು’ ಎನ್ನುತ್ತಾನೆ. ನನಗೆ ಅವರು ಹಠ ಮಾಡುತ್ತಿದ್ದಾರೆ ಅನಿಸಿ ಕೂಗಾಡಿಬಿಡುತ್ತೇನೆ. ಹಣಕಾಸು ಅವರ ಕೈಯಿಂದ ತೆಗೆದುಕೊಳ್ಳಲೇ?

ಉತ್ತರ: ಇಲ್ಲ, ನಿಮ್ಮ ತಂದೆ ಬೇಕೆಂದು ಮಾಡುತ್ತಿಲ್ಲ. ನೀವು ಕೂಗಾಡುತ್ತಿರುವುದು ಪ್ರೀತಿ ಇಲ್ಲದೆ ಅಲ್ಲ, ಆಗುತ್ತಿರುವುದೇನೆಂದು ಯಾರೂ ನಿಮಗೆ ಬಿಡಿಸಿ ಹೇಳದೆ.

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ 2ರಷ್ಟು. ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಮಿದುಳಿನ ಆಳಕ್ಕೆ ರಕ್ತ ಒಯ್ಯುವುದು ಕೂದಲಿನಷ್ಟು ಸಪೂರವಾದ ನಾಳಗಳು. ವರ್ಷಗಟ್ಟಲೆ ಬಿಪಿ, ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಇವುಗಳ ಗೋಡೆ ದಪ್ಪಗಾಗಿ, ಒಳದಾರಿ ಕಿರಿದಾಗುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಮೊದಲು ನಿಲ್ಲುವ ಹಾಗೆ, ಆಳದ ಬಿಳಿ ಭಾಗ ಸೊರಗತೊಡಗುತ್ತದೆ. ಮಿದುಳಿನ ಒಂದು ಭಾಗ ಇನ್ನೊಂದರೊಡನೆ ಮಾತಾಡುವ ನರತಂತುಗಳು ಇರುವುದು ಅಲ್ಲೇ. ನೆನಪು ಉಳಿದಿದ್ದರೂ ಯೋಚನೆ ನಿಧಾನವಾಗುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸಲಾಗದಿರುವುದು ಇದರಿಂದ. ಬಿಲ್ ಕಟ್ಟುವುದರಲ್ಲಿ ಎಷ್ಟು ಮೆಟ್ಟಿಲುಗಳಿವೆ ಎಂದು ಒಮ್ಮೆ ಯೋಚಿಸಿ ನೋಡಿ. ಉತ್ಸಾಹ ಬತ್ತುವುದು, ತಟ್ಟನೆ ಅಳು ಬರುವುದು, ನಡಿಗೆ ಚಿಕ್ಕದಾಗುವುದು ಕೂಡ ಇದೇ ಕಾಯಿಲೆಯ ಲಕ್ಷಣಗಳು. ಜೊತೆಗೆ ಖಿನ್ನತೆಯೂ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ, ಕೇಳಿ.

ಅಣ್ಣನ ಮಾತನ್ನು ನಾನು ಒಪ್ಪುವುದಿಲ್ಲ. ವಯಸ್ಸೆಂದು ಬಿಟ್ಟರೆ ಕೈಯಲ್ಲಿರುವುದನ್ನೂ ಬಿಟ್ಟಂತೆ. ಹೋದದ್ದು ಪೂರ್ತಿ ಮರಳದು, ಮರಳುತ್ತದೆಂದು ಸುಳ್ಳು ಭರವಸೆ ಕೊಡಲಾರೆ. ಆದರೆ ಮುಂದಿನ ಹಾನಿಯನ್ನು ತಡೆಯಲು, ನಿಧಾನಗೊಳಿಸಲು ದಾರಿಯಿದೆ. 2019ರಲ್ಲಿ ಪ್ರಕಟವಾದ ‘ಸ್ಪ್ರಿಂಟ್ ಮೈಂಡ್’ ಅಧ್ಯಯನದಲ್ಲಿ, ಬಿಪಿಯ ಮೇಲಿನ ಅಂಕಿಯನ್ನು 120ರ ಕೆಳಗೆ ತರುವ ಗುರಿಯಿಟ್ಟುಕೊಂಡವರಲ್ಲಿ ನೆನಪು, ಯೋಚನೆಯ ಶಕ್ತಿ ಸ್ವಲ್ಪ ಮಟ್ಟಿಗೆ ಕುಂದುವ ತೊಂದರೆ ಕಡಿಮೆ ಕಂಡಿತು. ಅದರಲ್ಲಿ ಸಕ್ಕರೆ ಕಾಯಿಲೆಯವರು, ಪಾರ್ಶ್ವವಾಯು ಆದವರು ಇರಲಿಲ್ಲವಾದ್ದರಿಂದ ನಿಮ್ಮ ತಂದೆಗೆ ಎಷ್ಟು ಬಿಪಿ ಸರಿಯೆಂದು ಡಾಕ್ಟರೇ ಹೇಳಬೇಕು. ನಿಂತಾಗಲೂ ಬಿಪಿ ನೋಡಲು ಹೇಳಿ, ತೀರಾ ಇಳಿದರೆ ತಲೆಸುತ್ತಿ ಬೀಳುತ್ತಾರೆ. ಕಳೆದ ವರ್ಷದ ಕೈಯ ವಿಷಯವನ್ನು ಮರೆಯದೆ ತಿಳಿಸಿ. ಅದು ಮಿನಿ ಸ್ಟ್ರೋಕ್ ಆಗಿರಬಹುದು, ಹೃದಯದ ಬಡಿತದ ಲಯವನ್ನೂ ಪರೀಕ್ಷಿಸಬೇಕಾಗುತ್ತದೆ. ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಅಣ್ಣನ ಪಾಲಿಗಿರಲಿ.

ಹಣಕಾಸನ್ನು ಕಿತ್ತುಕೊಳ್ಳಬೇಡಿ. ಜೀವಮಾನವಿಡೀ ಲೆಕ್ಕ ಬರೆದವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಪಕ್ಕದಲ್ಲಿ ಕುಳಿತು ಒಂದೊಂದೇ ಹೆಜ್ಜೆ ಹೇಳಿ, ಸಹಿ ಅವರದೇ ಇರಲಿ. ದೊಡ್ಡ ಮೊತ್ತಕ್ಕೆ ಮಾತ್ರ ಇನ್ನೊಬ್ಬರ ಒಪ್ಪಿಗೆಯೂ ಬೇಕೆಂಬ ಏರ್ಪಾಡನ್ನು ಈಗಲೇ ಅವರೊಂದಿಗೇ ಕುಳಿತು ಮಾಡಿ, ಅವರಿಗೆ ತಿಳಿಯುವಾಗಲೇ.

ಇನ್ನೊಂದು ಮಾತು, ಇದನ್ನು ಅಣ್ಣನಿಗೂ ಓದಿಸಿ. ಮತ್ತೆ ಕೈ ಸೋತರೆ, ಬಾಯಿ ವಾರೆಯಾದರೆ, ಮಾತು ತೊದಲಿದರೆ ಸಂಜೆಯವರೆಗೆ ಕಾಯಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಶುರುವಾದ ಹೊತ್ತು ಗುರುತಿಟ್ಟುಕೊಂಡು ನೇರ ಆಸ್ಪತ್ರೆಗೆ ಕರೆದೊಯ್ಯಿರಿ.