ಝಡ್‌ಎಫ್ ಜೊತೆ 180-600? ಸ್ವಲ್ಪ ತಡೀರಿ

"ಎಫ್‌ಎಂ2 ಥರಾನೇ ಇದೆ, ನೋಡಿದ ಕೂಡಲೇ ಮನಸ್ಸು ಸೋತಿತು. ನಿಕಾನ್ ಝಡ್‌ಎಫ್ ತಗೊಂಡು 180-600 ಹಾಕಿ ರಂಗನತಿಟ್ಟಿಗೆ ಹೋಗ್ತೀನಿ" ಅಂತ ಪೋಸ್ಟ್ ಹಾಕಿದ್ದೀರಿ. ಎಫ್‌ಎಂ2 ಅಂದರೆ ನಿಕಾನ್‌ನ ಹಳೇ ಫಿಲ್ಮ್ ಕ್ಯಾಮೆರಾ, ಝಡ್‌ಎಫ್ ಅದೇ ರೂಪದ ಡಿಜಿಟಲ್ ಕ್ಯಾಮೆರಾ, 180-600 ದೂರದ ಹಕ್ಕಿ ತೆಗೆಯುವ ಉದ್ದದ ಝೂಮ್ ಲೆನ್ಸ್. ಕೆಳಗೆ ಎಲ್ಲರೂ ಹೆಬ್ಬೆರಳು ಎತ್ತಿದ್ದಾರೆ. ನಾನೂ ಒಮ್ಮೆ ಬರೀ ಚೆಂದ ನೋಡಿ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ತಗೊಂಡು, ಮಳೆಗಾಲ ಮುಗಿಯುವಷ್ಟರಲ್ಲಿ ಮಾರಿದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಚೆಂದ ನೋಡಿ ತಗೊಳ್ಳೋದೇ ತಪ್ಪು ಅನ್ನುತ್ತಿಲ್ಲ. "ಸೆನ್ಸರ್ ಮುಖ್ಯ, ಬಾಡಿ ಹೇಗಿದ್ದರೇನು" ಅನ್ನುವವರ ಕ್ಯಾಮೆರಾ ಬೀರುವಿನಲ್ಲೇ ಉಳಿಯುವುದನ್ನು ಬೇಕಾದಷ್ಟು ನೋಡಿದ್ದೇನೆ. ಫ್ಯೂಜಿಯ ಮೊದಲ ಎಕ್ಸ್100 2011ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಆಟೊಫೋಕಸ್ ಬಹಳ ನಿಧಾನ. ಆದರೂ ಜನ ಕೈಬಿಡಲಿಲ್ಲ, ಯಾಕಂದರೆ ಎತ್ತಿಕೊಂಡು ಹೊರಗೆ ಹೋಗಬೇಕು ಅನಿಸುತ್ತಿತ್ತು. ಇದೂ ಒಂದು ಗುಣವೇ.

ಆದರೆ ಎಫ್‌ಎಂ2 ಯಾಕೆ ಅಷ್ಟು ಚಪ್ಪಟೆ ಇತ್ತು ಅಂತ ಯೋಚಿಸಿದ್ದೀರಾ? ಅದು 1982ರ ಬಾಡಿ. ಎಡಕ್ಕೆ ರೋಲು, ಬಲಕ್ಕೆ ಅದನ್ನು ಸುತ್ತುವ ಸ್ಪೂಲು, ನಡುವೆ ಫಿಲ್ಮ್ ನೇರ ಹೋಗಬೇಕು. ಬ್ಯಾಟರಿ ಅಂದರೆ ಬೆಳಕು ಅಳೆಯುವ ಮೀಟರಿಗೆ ಎರಡು ಗುಂಡಿ ಸೆಲ್ಲು, ಅಷ್ಟೇ. ಲೆನ್ಸುಗಳೂ ಹೆಚ್ಚಿನವು ಚಿಕ್ಕವು. ಫೋಕಸ್ ತಿರುಗಿಸೋಕೆ ಎಡಗೈ ಹೇಗೂ ಲೆನ್ಸ್ ಕೆಳಗೇ ಇರುತ್ತಿತ್ತು, ಬಲಗೈಗೆ ಭಾರವೇ ಬೀಳುತ್ತಿರಲಿಲ್ಲ. ಒಳಗೇ ಫಿಲ್ಮ್ ಸುತ್ತುವ ಮೋಟಾರು, ಆಮೇಲೆ ಆಟೊಫೋಕಸ್, ಉದ್ದದ ಝೂಮು ಬಂದ ಮೇಲೆ ಹಿಡಿ ಬೇಕಾಯಿತು. ಕ್ಯಾನನ್ 1986ರ ಟಿ90ಗೆ ಜರ್ಮನ್ ಡಿಸೈನರ್ ಲುಯಿಗಿ ಕೊಲಾನಿಯನ್ನು ಕರೆಸಿ ದುಂಡನೆಯ ರೂಪ ಕೊಟ್ಟಿದ್ದು ಆ ಹೊತ್ತಿನಲ್ಲೇ. ಇವತ್ತಿನ ಕ್ಯಾನನ್ ಇಒಎಸ್‌ಗಳ ಮೈಕಟ್ಟು ಅಲ್ಲಿಂದ ಬಂದದ್ದು. ಝಡ್‌ಎಫ್ ಅದನ್ನೆಲ್ಲ ಬಿಟ್ಟು ಹಳೇ ಚಪ್ಪಟೆ ರೂಪಕ್ಕೆ ಹೋಗಿದೆ, ಲೆನ್ಸು ಮಾತ್ರ ಹೊಸ ಕಾಲದ್ದು!

ತೂಕ ನೋಡಿ. ಬ್ಯಾಟರಿ, ಕಾರ್ಡು ಸೇರಿ ಬಾಡಿ 710 ಗ್ರಾಂ. 180-600 ಟ್ರೈಪಾಡ್‌ಗೆ ಕೂರಿಸುವ ಕಾಲರ್ ಬಿಟ್ಟೇ ಹತ್ತಿರ ಹತ್ತಿರ 2 ಕೆಜಿ. ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಮೇಲೆ ಇಟ್ಟು ತೆಗೆಯುತ್ತೀರಾದರೆ ಪರವಾಗಿಲ್ಲ. ರಂಗನತಿಟ್ಟಿನ ದೋಣಿಯಲ್ಲಿ ಪಕ್ಕದವರ ಮೊಣಕೈ ತಾಗಿಸಿಕೊಂಡು ಕೂತು ಕೈಯಲ್ಲೇ ಹಿಡಿದರೆ ಗೊತ್ತಾಗುತ್ತೆ. ಮೇಲಾಗಿ ಫೋಕಸ್ ಪಾಯಿಂಟ್ ಸರಿಸೋಕೆ ಇದರಲ್ಲಿ ಜಾಯ್‌ಸ್ಟಿಕ್ ಇಲ್ಲ. ಕೊಂಬೆ ನಡುವೆ ಕೂತ ಹಕ್ಕಿಗೆ ಅದು ಬೇಕೇ ಬೇಕು.

ತಗೊಳ್ಳುವ ಮುಂಚೆ ನಾನು ಮಾಡುವ ಪರೀಕ್ಷೆ ಇದು. ಅಂಗಡಿಯವರು ಮುಖ ಗಂಟಿಕ್ಕಲಿ, ಬಿಡಬೇಡಿ. ಬ್ಯಾಟರಿ ಹಾಕಿಸಿ. ಡಮ್ಮಿ ಬಾಡಿ ಬೇಡ. ನೀವು ಬಳಸಬೇಕೆಂದಿರುವ ಅತಿ ಭಾರದ ಲೆನ್ಸ್ ಹಾಕಿ, ಸ್ಟ್ರಾಪ್ ಬಿಚ್ಚಿ. ಬಲಗೈ ಒಂದರಲ್ಲೇ ಹಿಡಿದು ತೊಡೆ ಪಕ್ಕ ಇಳಿಬಿಡಿ, ಅವರ ಹತ್ತಿರ ರೇಟು ಮಾತಾಡುತ್ತಾ ಹಾಗೇ ನಿಂತಿರಿ. ಮಧ್ಯದ ಬೆರಳಿನ ಗೆಣ್ಣಿಗೆ ಅಂಚು ಒತ್ತುತ್ತಾ? ಬೆರಳ ತುದಿ ಲೆನ್ಸಿಗೂ ಬಾಡಿಗೂ ನಡುವೆ ಸಿಕ್ಕಿಕೊಳ್ಳುತ್ತಾ? ಹೆಬ್ಬೆರಳಿಗೆ ಹಿಂದೆ ಆಸರೆ ಇದೆಯಾ? ಆಮೇಲೆ ಕಣ್ಣಿಗೆ ಹಿಡಿದು, ಕಣ್ಣು ತೆಗೆಯದೆ ಶಟರ್ ವೇಗ, ಐಎಸ್ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ), ಎಕ್ಸ್‌ಪೋಷರ್ ಕಾಂಪ್ (ಚಿತ್ರ ಎಷ್ಟು ಬೆಳಗಬೇಕು ಅನ್ನುವ ತಿದ್ದುಪಡಿ) ಬದಲಿಸಿ. ಹಿಡಿತ ಬಿಡದೆ ಬೆರಳು ಹೋಗಬೇಕು. ಕೊನೆಗೆ ಕೈ ತೊಳೆದು, ಅರ್ಧ ಒರೆಸಿಕೊಂಡು ಇದೇ ಇನ್ನೊಮ್ಮೆ. ಮಂಗಳೂರು, ಕಾರವಾರದವರಿಗೆ ಯಾಕೆ ಅಂತ ಹೇಳಬೇಕಿಲ್ಲ, ಬೆವರಿದ ಕೈಯಲ್ಲಿ ನುಣುಪು ಚರ್ಮದ ಹೊದಿಕೆ ಜಾರುತ್ತೆ. ಅಂಗಡಿಯಲ್ಲಿ ಆ ಲೆನ್ಸ್ ಇಲ್ಲವಾ? ಬೆಂಗಳೂರಿನಲ್ಲಿ ಒಂದು ದಿನಕ್ಕೆ ಬಾಡಿಗೆಗೆ ಸಿಗುತ್ತೆ. ಅಷ್ಟು ಲಕ್ಷ ಸುರಿಯುವವರು ಬಾಡಿಗೆಗೆ ಜಿಪುಣತನ ಮಾಡ್ತೀರಲ್ಲ, ಅದಕ್ಕೇ ಸಿಟ್ಟು ಬರೋದು.

ಡಯಲ್‌ಗಳ ವಿಷಯ. ಝಡ್‌ಎಫ್‌ನದು ಹಿತ್ತಾಳೆ, ತಿರುಗಿಸೋಕೆ ಖುಷಿ. ಆದರೆ ಲೆನ್ಸಿನ ಕಿಂಡಿ (ಅಪರ್ಚರ್) ಮಾತ್ರ ನಾವು ಹೇಳಿ ವೇಗ ಕ್ಯಾಮೆರಾಗೆ ಬಿಡುವ ಎ ಮೋಡ್‌ನಲ್ಲಿ ಇದ್ದರೆ ಶಟರ್ ಡಯಲ್ 1/125 ತೋರಿಸುತ್ತಾ ಕೂತಿರುತ್ತೆ, ಕ್ಯಾಮೆರಾ ತನ್ನ ಪಾಡಿಗೆ ಬೇರೆಯೇ ವೇಗ ಹಾಕಿಕೊಳ್ಳುತ್ತೆ. ನಿಕಾನ್‌ನ ಝಡ್ ಲೆನ್ಸುಗಳಲ್ಲಿ ಅಂಕಿ ಕೆತ್ತಿದ ಅಪರ್ಚರ್ ರಿಂಗ್ ಇರುವುದಿಲ್ಲ. ಈ ವಿಷಯದಲ್ಲಿ ಫ್ಯೂಜಿ ಪ್ರಾಮಾಣಿಕ. ಡಯಲ್‌ಗಳಿರುವ ಬಾಡಿಗೆ ಅಂಕಿ ಕೆತ್ತಿದ ರಿಂಗ್ ಇರುವ ಎಕ್ಸ್‌ಎಫ್ ಲೆನ್ಸ್ ಹಾಕಿದರೆ ಆಫ್ ಇದ್ದಾಗಲೂ ಮೇಲಿಂದಲೇ ಎಲ್ಲ ಓದಬಹುದು.

ಹೆಸರಾಂತ ಡಿಸೈನರ್ ಅಂದ ಕೂಡಲೇ ಮರುಳಾಗಬೇಡಿ. ಪೆಂಟಾಕ್ಸ್ 2012ರಲ್ಲಿ ಮಾರ್ಕ್ ನ್ಯೂಸನ್ ಕೈಲಿ ಕೆ-01 ಮಾಡಿಸಿತು. ಹಳದಿ ಬಣ್ಣ, ಇಟ್ಟಿಗೆ ಥರ ದಪ್ಪ. ಲೆನ್ಸ್ ಕೂರುವ ಹಳೇ ಕೆ ಮೌಂಟ್ ಉಳಿಸಿಕೊಂಡಿದ್ದರಿಂದ ಕನ್ನಡಿ ತೆಗೆದರೂ ಅದರ ಜಾಗ ಹಾಗೇ ಉಳಿಯಿತು. ಕಣ್ಣಿಗೆ ಹಿಡಿಯೋಕೆ ವ್ಯೂಫೈಂಡರೂ ಇರಲಿಲ್ಲ. ಬೇಗನೇ ನಿಂತುಹೋಯಿತು. ಅದೇ 1980ರ ನಿಕಾನ್ ಎಫ್3 ನೋಡಿ, ಇಟಲಿಯ ಕಾರು ಡಿಸೈನರ್ ಜುಜಾರೊ ರೂಪಿಸಿದ್ದು. ಕೆಂಪು ಗೆರೆ ಎಲ್ಲರಿಗೂ ನೆನಪಿದೆ. ಅದರ ಪಕ್ಕದಲ್ಲೇ ಬೆರಳಿಗೆ ಸಿಗಲಿ ಅಂತ ಒಂದು ಸಣ್ಣ ಉಬ್ಬು ಇಟ್ಟಿದ್ದು ಯಾರೂ ಹೇಳೋದಿಲ್ಲ.

ನನ್ನ ಸಲಹೆ: ಹಕ್ಕಿಗೆ ಝಡ್6-3 ನೋಡಿ. ಇದೂ 24.5 ಮೆಗಾಪಿಕ್ಸೆಲ್, ತೂಕ 760 ಗ್ರಾಂ, ಬರೀ 50 ಗ್ರಾಂ ಜಾಸ್ತಿ. ಹಿಡಿ ಇದೆ, ಜಾಯ್‌ಸ್ಟಿಕ್ ಇದೆ. ನೋಡೋಕೆ ಕಪ್ಪು ಡಬ್ಬಿ, ಒಪ್ಪುತ್ತೇನೆ. ಝಡ್‌ಎಫ್ ಮೇಲೇ ಮನಸ್ಸಿದ್ದರೆ 170 ಗ್ರಾಂನ 40 ಎಂಎಂ ಎಸ್‌ಇ ಹಾಕಿ ಸಂತೆ, ಜಾತ್ರೆ, ಮದುವೆಮನೆಗೆ ಇಟ್ಟುಕೊಳ್ಳಿ. ಅಲ್ಲಿ ಅದಕ್ಕೆ ಸಾಟಿಯಿಲ್ಲ. ಹಳೇ ಫಿಲ್ಮ್ ಕ್ಯಾಮೆರಾ ಅಂದುಕೊಂಡು ಜನ ಗಾಬರಿಯಾಗೋದೂ ಇಲ್ಲ.

ತಗೊಂಡೇ ತಗೊಳ್ತೀರಿ ಅಂತ ಗೊತ್ತು, ಇನ್ನೆರಡು ಮಾತು. ಎಕ್ಸ್‌ಟ್ರಾ ಗ್ರಿಪ್ ಹಾಕಿಸಿ, ಆದರೆ ಬ್ಯಾಟರಿ, ಕಾರ್ಡು ಎರಡೂ ಕೆಳಗಿನ ಒಂದೇ ಬಾಗಿಲಲ್ಲಿ ಇವೆ. ಗ್ರಿಪ್ ಬಿಚ್ಚದೆ ಆ ಬಾಗಿಲು ತೆಗೆಯಲು ಬರಬೇಕು. ಎರಡನೇ ಸ್ಲಾಟ್ ಮೈಕ್ರೊಎಸ್‌ಡಿ, ಉಗುರಲ್ಲಿ ಒತ್ತಿ ತೆಗೆಯಬೇಕು. ದೋಣಿಯಲ್ಲಿ ಅದಕ್ಕೆ ಕೈ ಹಾಕಬೇಡಿ, ನೀರಿಗೆ ಬೀಳುತ್ತೆ. ಚೆಂದ ಅಂತ ಲೆದರ್ ಹಾಫ್‌ಕೇಸ್ ಹಾಕಿ ಮಲೆನಾಡಿನ ಮಳೆಗೆ ಒಯ್ಯಬೇಡಿ. ಚರ್ಮ ತೇವ ಹಿಡಿದಿಟ್ಟುಕೊಂಡು ಬೂಷ್ಟು (ಫಂಗಸ್) ತರುತ್ತೆ, ಅದು ಲೆನ್ಸಿಗೂ ಹತ್ತಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಸ್ ಬಿಚ್ಚಿ ಹೊರಗಿಡಿ. ಬಾಡಿ ಮಾತ್ರ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ, ಹೈಗ್ರೋಮೀಟರ್ (ತೇವ ಅಳೆಯುವ ಮೀಟರು) ಶೇ. 40-50 ತೋರಿಸುವ ಹಾಗೆ.