ಓದುಗರ ಪ್ರಶ್ನೆ: ಸೇಡಿನ ಗೂಢಚಾರ ಸಪ್ಪೆಯಾದದ್ದೆಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಚಿತ್ರದ ಮೇಲೆ. ಹಿಂದಿಯಲ್ಲಿ ತಯಾರಾಗಿ ಕನ್ನಡಕ್ಕೆ ಡಬ್ ಆದದ್ದು. ನಾಯಕ ಗುಪ್ತಚರ ಅಧಿಕಾರಿ. ಬೇರೆ ಹೆಸರಿನಲ್ಲಿ ಹೊರದೇಶದಲ್ಲಿದ್ದಾಗ ಇತ್ತ ಅವನ ತಂಗಿಯ ಕೊಲೆಯಾಗುತ್ತದೆ. ಐದು ಜನರ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಮುಗಿಸುತ್ತ ಬರುತ್ತಾನೆ. ಐದನೆಯವನು ಸಿಗುವುದು ಕಾರವಾರದ ಕಡಲಲ್ಲಿ. ನಮ್ಮೂರು ತೆರೆಯ ಮೇಲೆ ಬಂತೆಂದು ಭಟ್ಕಳದಿಂದ ಮಾಜಾಳಿಯವರೆಗಿನ ಜನ ಆಸೆಯಿಂದ ಹೋಗಿ ಹುಳ್ಳಗಿನ ಮುಖ ಹೊತ್ತು ಬಂದಿದ್ದಾರೆ. ಚಿತ್ರದ ಹೆಸರು ಬೇಡ, ನೋಡಿದವರಿಗೆ ಗೊತ್ತಾಗುತ್ತದೆ.

ಐದು ದೇಶ ಸುತ್ತಿದ್ದಾರೆ, ಹೊಡೆದಾಟಕ್ಕೂ ಕೊರತೆಯಿಲ್ಲ. ಆದರೂ ಮಧ್ಯಂತರದ ಮೇಲೆ ಗಡಿಯಾರ ನೋಡುವ ಹಾಗಾಯಿತು. ಎಂತಕ್ಕೆ ಹೀಗೆ?
— ಓದುಗರೊಬ್ಬರು, ಶಿರಸಿ

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಯಕ್ಷಗಾನದ ಕೀಚಕ ವಧೆ ಆಟವನ್ನು ಎಷ್ಟು ಸಲ ನೋಡಿದ್ದೀರಿ? ಕೀಚಕ ಸಾಯುತ್ತಾನೆಂದು ಆಟದ ಗದ್ದೆಯ ಅಂಚಿನಲ್ಲಿ ಚಹಾ ಮಾರುವವನಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ.

ಗಮನವಿಟ್ಟು ನೋಡಿದರೆ ಅದು ಅಪ್ಪಟ ಗೂಢಚಾರರ ಸೇಡಿನ ಕಥೆ. ಪಾಂಡವರು ವಿರಾಟನ ಅರಮನೆಯಲ್ಲಿ ಸುಳ್ಳು ಹೆಸರಿನಲ್ಲಿದ್ದಾರೆ. ಧರ್ಮರಾಯ ಕಂಕ, ಭೀಮ ವಲಲ, ದ್ರೌಪದಿ ಸೈರಂಧ್ರಿ. ಅಜ್ಞಾತವಾಸದ ಆ ಒಂದು ವರ್ಷದೊಳಗೆ ಗುರುತು ಸಿಕ್ಕರೆ ಮತ್ತೆ 12 ವರ್ಷ ಕಾಡು. ತುಂಬಿದ ಸಭೆಯಲ್ಲಿ ಕೀಚಕ ಸೈರಂಧ್ರಿಯನ್ನು ಒದೆಯುತ್ತಾನೆ. ಅಡುಗೆಯವನ ವೇಷದಲ್ಲಿರುವ ಭೀಮ ಎದುರಿನ ಮರವನ್ನು ದಿಟ್ಟಿಸುತ್ತಾನೆ, ಕಿತ್ತು ಬಡಿಯಲಿಕ್ಕೆ. ಆಗ ಕಂಕ ಅನ್ನುತ್ತಾನೆ: ಅಡುಗೆಯವನೇ, ಸೌದೆ ಬೇಕಿದ್ದರೆ ಹೊರಗೆ ಹೋಗಿ ತಾ. ಸಭೆಗೆ ಅದು ಸೌದೆಯ ಮಾತು, ಭೀಮನಿಗೆ ಅಣ್ಣನ ಆಜ್ಞೆ, ನೋಡುವ ನಮಗೆ ಎರಡೂ. ಒಂದೇ ಸಾಲಿನಲ್ಲಿ ಸೇಡು ಮತ್ತು ವೇಷ ಎದುರುಬದುರಾದವು. ಸೇಡು ತೀರಿಸಿದರೆ ವೇಷ ಕಳಚುತ್ತದೆ, ವೇಷ ಉಳಿಸಿಕೊಂಡರೆ ಅವಮಾನ ನುಂಗಬೇಕು. ರಾತ್ರಿ ನಾಟ್ಯಶಾಲೆಯ ಕತ್ತಲಲ್ಲಿ ಕೆಲಸ ಮುಗಿದ ಮೇಲೂ ಲೆಕ್ಕ ಚುಕ್ತಾ ಆಗುವುದಿಲ್ಲ. ಕೀಚಕನಂಥವನನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಲೋಕದಲ್ಲಿ ಎಷ್ಟು ಜನ ಎಂದು ಹಸ್ತಿನಾವತಿಯಲ್ಲಿ ಎಣಿಕೆ ಶುರುವಾಗುತ್ತದೆ. ಗೋಗ್ರಹಣ ಬರುವುದು ಅದರ ಬೆನ್ನಿಗೇ.

ಈಗ ನಮ್ಮ ಚಿತ್ರಕ್ಕೆ ಬನ್ನಿ. ನಾಯಕ ಮೊದಲನೆಯವನನ್ನು ಹಾಡಹಗಲೇ ಸಂತೆಯಲ್ಲಿ ಕೊಲ್ಲುತ್ತಾನೆ. ಮರುದಿನ ಅದೇ ಹೆಸರು, ಅದೇ ಪಾಸ್‌ಪೋರ್ಟ್, ಅದೇ ಗಡ್ಡ. ಅವನ ಮೇಲಧಿಕಾರಿಗೆ ಸುದ್ದಿ ಮುಟ್ಟುವುದಿಲ್ಲ, ಉಳಿದ ನಾಲ್ವರು ಊರು ಬಿಡುವುದಿಲ್ಲ. ಅಂದಮೇಲೆ ಅವನು ಗೂಢಚಾರ ಆಗಿದ್ದಕ್ಕೆ ಕಥೆಯಲ್ಲಿ ಕೆಲಸವೇನು? ಅವನನ್ನು ಲಾರಿ ಡ್ರೈವರ್ ಮಾಡಿದ್ದರೂ ಒಂದು ದೃಶ್ಯ ಬದಲಾಗುತ್ತಿರಲಿಲ್ಲ. ಗಡಿಯಾರ ನೋಡಿಸಿದ್ದು ಇದು.

ಹಾಗಾದರೆ ಇದೇ ಕಥೆಯನ್ನು ಇಟ್ಟುಕೊಂಡು ಎಲ್ಲಿ ರಿಪೇರಿ ಮಾಡಬಹುದಿತ್ತು?
— ನಾಟಕ ಬರೆಯುವ ಓದುಗಿ, ಸಿದ್ದಾಪುರ

ಮೊದಲು ಪಟ್ಟಿ ಕಡಿಮೆ ಮಾಡಬೇಕು. 150 ನಿಮಿಷದ ಚಿತ್ರದಲ್ಲಿ ಪೀಠಿಕೆಗೆ 25, ಕೊನೆಯ ಹೊಡೆದಾಟಕ್ಕೆ 25 ತೆಗೆದರೆ ಉಳಿಯುವುದು 100. ಅದನ್ನು ಐವರಿಗೆ ಹಂಚಿದರೆ ತಲೆಗೆ 20 ನಿಮಿಷ. ಅಷ್ಟರೊಳಗೆ ಹುಡುಕಬೇಕು, ಹಿಡಿಯಬೇಕು, ಕೊಲ್ಲಬೇಕು. ಖಳ ಮನುಷ್ಯನಾಗಿ ಕಾಣಲು ಸಮಯವೇ ಇಲ್ಲ, ಆದ್ದರಿಂದ ಐವರೂ ಒಂದೇ ಅಚ್ಚಿನ ಕೋಟು ಹಾಕಿಕೊಂಡು ಬರುತ್ತಾರೆ. ಎರಡನೆಯ ಕೊಲೆಯ ಹೊತ್ತಿಗೆ ಪ್ರೇಕ್ಷಕ ಮಾದರಿ ಹಿಡಿದುಬಿಟ್ಟಿರುತ್ತಾನೆ. ಮೂರನೆಯದು ಅವನಿಗೆ ಪುನರಾವರ್ತನೆ. ಇಬ್ಬರು, ಹೆಚ್ಚೆಂದರೆ ಮೂವರು ಸಾಕು.

ಎರಡನೆಯದು, ಪ್ರತಿ ಕೊಲೆಗೂ ಬೆಲೆ ಇಡಬೇಕು. ಒಂದು ಕೊಲೆಗೆ ವೇಷ ಹೋಗಲಿ, ಮುಂದಿನದಕ್ಕೆ ನಂಬಿದ ಗೆಳೆಯ ಹೋಗಲಿ. ಕೈ ಬರಿದಾಗುತ್ತ ಬಂದರೆ ಕೊನೆಯ ಹೊಡೆದಾಟಕ್ಕೆ ತೂಕ ತಾನಾಗಿ ಬರುತ್ತದೆ, ಹಿನ್ನೆಲೆಯಲ್ಲಿ ನಗಾರಿ ಬಡಿಯಬೇಕಾಗಿಲ್ಲ.

ಮೂರನೆಯದು ತಂಗಿ. ಚಿತ್ರದಲ್ಲಿ ಅವಳಿಗಿರುವುದು ಎರಡೇ ದೃಶ್ಯ, ಎರಡರಲ್ಲೂ ನಗುತ್ತಾಳೆ. ಅಣ್ಣನ ಮೇಲೆ ಒಂದು ಸಲ ರೇಗಿದ್ದರೆ, ಫೋನ್ ಎತ್ತದೆ ಸತಾಯಿಸಿದ್ದರೆ ನೆನಪಿನಲ್ಲಿ ಉಳಿಯುತ್ತಿದ್ದಳು. ದ್ರೌಪದಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸಿ ಬೈಯುವ ಭಾಗವಿಲ್ಲದೆ ಕೀಚಕ ವಧೆ ಆಡಿ ನೋಡಿ, ಅರ್ಧ ಕಳೆ ಹೋಗುತ್ತದೆ.

ಜುಲೈ ಮಳೆಯಲ್ಲಿ ನಾಯಕ ಬೈತಖೋಲ ಬಂದರಿನಿಂದ ಟ್ರಾಲರ್ ಓಡಿಸಿಕೊಂಡು ಹೋಗಿ 'ಐದು ನಿಮಿಷದಲ್ಲಿ ಅಂತಾರಾಷ್ಟ್ರೀಯ ನೀರು, ಅಲ್ಲಿ ನಮ್ಮನ್ನು ಯಾರೂ ಮುಟ್ಟುವಂತಿಲ್ಲ' ಅನ್ನುತ್ತಾನೆ. ನಮ್ಮ ಕಡೆಯ ಬೋಟು ನಡೆಸುವ ತಾಂಡೇಲರೆಲ್ಲ ಗೊಳ್ಳೆಂದು ನಕ್ಕರು.
— ಓದುಗರೊಬ್ಬರು, ಕಾರವಾರ

ನಗದೆ ಏನು ಮಾಡುತ್ತಾರೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಟ್ರಾಲರು, ಪರ್ಸಿನ್ ಬೋಟುಗಳೆಲ್ಲ ಲಂಗರು ಹಾಕಿ ನಿಂತಿರುತ್ತವೆ, ಬಲೆ ದಡದಲ್ಲಿ ರಿಪೇರಿಗೆ ಬಿದ್ದಿರುತ್ತದೆ. ಆ ತಿಂಗಳಲ್ಲಿ ಒಂಟಿ ಟ್ರಾಲರ್ ಹೊರಟರೆ ಅಡಗಿ ಹೋದಂತಲ್ಲ, ಡಂಗುರ ಸಾರಿ ಹೋದಂತೆ.

ಇನ್ನು ಲೆಕ್ಕ. ದೇಶದ ಪ್ರಾದೇಶಿಕ ಸಮುದ್ರ 12 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ., ಅಂದರೆ 22 ಕಿ.ಮೀ. ಮೀರಿತು. 8 ನಾಟ್, ಅಂದರೆ ಗಂಟೆಗೆ 8 ನಾಟಿಕಲ್ ಮೈಲಿ ವೇಗದ ಟ್ರಾಲರ್‌ಗೆ ಅದು ಒಂದೂವರೆ ಗಂಟೆಯ ದಾರಿ, ಅದೂ ಅಲೆ ಇಲ್ಲದಿದ್ದರೆ. ದಾಟಿದ ಮೇಲೂ ಬಚಾವಿಲ್ಲ. 24 ನಾಟಿಕಲ್ ಮೈಲಿಯವರೆಗೆ ಸುಂಕ, ವಲಸೆ ಕಾಯ್ದೆಗಳ ಉಲ್ಲಂಘನೆಗೆ ಕ್ರಮ ಕೈಗೊಳ್ಳುವ ಅಧಿಕಾರವಿದೆ. ನಮ್ಮ ನೀರಿನಲ್ಲೇ ಬೆನ್ನಟ್ಟಲು ಶುರು ಮಾಡಿ ಎಲ್ಲೂ ಬಿಡದೆ ಬಂದಿದ್ದರೆ, ಓಡುವ ಹಡಗು ಬೇರೆ ದೇಶದ ಪ್ರಾದೇಶಿಕ ಸಮುದ್ರ ಸೇರುವವರೆಗೂ ಹಿಡಿಯಬಹುದು. ಸಮುದ್ರ ಕಾನೂನಿನಲ್ಲೇ ಆ ಹಕ್ಕಿದೆ. ಇಷ್ಟರ ಮೇಲೆ ಪಕ್ಕದಲ್ಲೇ ಅರಗಾದ ನೌಕಾನೆಲೆ. ಓಡಿಹೋಗುವವನು ಕಾವಲಿರುವ ಮನೆಯ ಅಂಗಳದಲ್ಲೇ ಹಾದು ಹೋಗುವ ಉಪಾಯ ಮಾಡಿದ್ದಾನೆ.

ಕಾಳಿ ಹೊಳೆಯಲ್ಲಿ ಕತ್ತಲಲ್ಲಿ ಎಂಜಿನ್ ಇಲ್ಲದ ಪಾತಿ ದೋಣಿಯಲ್ಲಿ ಮೇಲಕ್ಕೆ, ಕದ್ರಾ ಕಡೆಗೆ ಹೋಗಿದ್ದರೆ? ಖರ್ಚೂ ಕಡಿಮೆ, ಎದೆಯೂ ಹೊಡೆದುಕೊಳ್ಳುತ್ತಿತ್ತು.

ರೈಲಿನ ಮೇಲಿನ ಹೊಡೆದಾಟ ಕೊಂಕಣ ರೈಲ್ವೆಯಲ್ಲಿ ನಡೆಯುತ್ತದೆ. ಆದರೆ ಮೇಲೆ ತಂತಿಯೇ ಕಾಣಲಿಲ್ಲವಲ್ಲ?
— ಓದುಗರೊಬ್ಬರು, ಅಂಕೋಲಾ

ಕಾಣುವುದಿಲ್ಲ, ಕಂಡರೆ ಹೊಡೆದಾಟವೇ ಇಲ್ಲ. ಕೊಂಕಣ ರೈಲ್ವೆ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡಿತು. ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಹಳಿಯಿಂದ ತಂತಿಗೆ ಸಾಮಾನ್ಯವಾಗಿ ಐದೂವರೆ ಮೀಟರ್ ಚಿಲ್ಲರೆ, ಬೋಗಿಯ ಎತ್ತರ ನಾಲ್ಕು ಮೀಟರ್‌ಗೆ ತುಸು ಮೇಲೆ. ನಡುವೆ ಉಳಿಯುವ ಜಾಗ ಒಂದೂವರೆ ಮೀಟರ್. ನಾಯಕ ಆರಡಿ ಆಳು, ಅಂದರೆ 1.8 ಮೀಟರ್. ಎದ್ದು ನಿಲ್ಲುವ ಮೊದಲೇ, ತಂತಿ ಮುಟ್ಟದಿದ್ದರೂ, ಕಿಡಿ ಹಾರಿ ಕಥೆ ಮುಗಿಯುತ್ತದೆ. ಸುರಂಗದಲ್ಲಿ ತಂತಿ ಇನ್ನೂ ಕೆಳಗೆ. ಕಥೆ 2015ರದ್ದು ಎಂದು ಒಂದು ಸಾಲು ಹಾಕಿ, ಮುಂದೆ ಡೀಸೆಲ್ ಎಂಜಿನ್ ತೋರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಥಿಯೇಟರಿನಲ್ಲಿ ಮಾತು ಕೇಳಲಿಲ್ಲ, ಗುಂಡಿನ ಸದ್ದು ಮಾತ್ರ ಕಿವಿ ಒಡೆಯಿತು. ಮನೆಯಲ್ಲಿ ಟಿವಿಯಲ್ಲಿ ನೋಡಿದರೂ ಅದೇ ಗೋಳು. ಕಿವಿ ತೋರಿಸಿಕೊಳ್ಳಬೇಕೋ ಏನೋ!
— ನಿವೃತ್ತ ಶಿಕ್ಷಕಿ, ಹೊನ್ನಾವರ

ಕಿವಿ ಚೆನ್ನಾಗಿಯೇ ಇರಬಹುದು, ಮೇಡಂ. 5.1, ಅಂದರೆ ಆರು ದಾರಿಯ ಧ್ವನಿಯಲ್ಲಿ ಮಾತು ಬರುವುದು ಮುಖ್ಯವಾಗಿ ಪರದೆಯ ನಡುವಿನ ಒಂದೇ ಸ್ಪೀಕರಿನಿಂದ. ಸಂಗೀತ, ಗುಂಡು, ಮಳೆ ಉಳಿದ ಎಲ್ಲವುಗಳಿಂದ. ಮಿಕ್ಸಿಂಗ್ ಕೋಣೆಯಲ್ಲಿ ಥಿಯೇಟರ್ ಪ್ರೊಸೆಸರ್‌ನ ಫೇಡರ್ (ಸದ್ದು ಏರಿಸಿ ಇಳಿಸುವ ತಿರುಪು) 7ರಲ್ಲಿದೆ ಎಂದುಕೊಂಡು ಧ್ವನಿ ಹೊಂದಿಸುತ್ತಾರೆ. ಜಾಹೀರಾತಿನ ಅಬ್ಬರಕ್ಕೆ ಯಾರೋ ದೂರು ಕೊಟ್ಟಿರುತ್ತಾರೆ, ಆಪರೇಟರ್ 5ಕ್ಕೆ ಇಳಿಸಿ ಹಾಗೇ ಬಿಟ್ಟಿರುತ್ತಾನೆ. ಅಲ್ಲಿಗೆ ಸುಮಾರು 6.7 ಡೆಸಿಬೆಲ್ ಹೋಯಿತು. ಗುಂಡಿಗೆ ಅದು ಲೆಕ್ಕಕ್ಕಿಲ್ಲ, ಪಿಸುಮಾತಿಗೆ ಸಾವು. ಮಧ್ಯಂತರದಲ್ಲಿ ಮ್ಯಾನೇಜರ್ ಬಳಿ ಹೋಗಿ 'ಸೌಂಡ್ ಜಾಸ್ತಿ ಮಾಡಿ' ಅನ್ನುವ ಬದಲು 'ಸೆಂಟರ್ ಸ್ಪೀಕರ್ ನೋಡಿ, ಫೇಡರ್ ಎಷ್ಟರಲ್ಲಿದೆ' ಎಂದು ಕೇಳಿ. ಗೊತ್ತಿರುವವರು ಕೇಳುತ್ತಿದ್ದಾರೆಂದು ಎದ್ದು ಹೋಗುತ್ತಾರೆ.

ಮನೆಯಲ್ಲಿ ಆಗುವುದು ಬೇರೆ. ಆರು ದಾರಿಯ ಧ್ವನಿಯನ್ನು ಟಿವಿ ತನ್ನ ಎರಡು ಸಣ್ಣ ಸ್ಪೀಕರಿಗೆ ತುರುಕುತ್ತದೆ, ಮಾತು ಸಂಗೀತದಡಿ ಹೂತುಹೋಗುತ್ತದೆ. ಆ್ಯಪಿನ ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೊ ಇದ್ದರೆ ಅದನ್ನು ಆರಿಸಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಸರೌಂಡ್ ಆಫ್ ಮಾಡಿ, 'ಕ್ಲಿಯರ್ ವಾಯ್ಸ್' ಅಥವಾ ಆ ಥರದ ಹೆಸರಿನದನ್ನು ಆನ್ ಮಾಡಿ. ನೈಟ್ ಮೋಡ್ ಇದ್ದರೆ ದೊಡ್ಡ ಸದ್ದು ತಗ್ಗಿ ಸಣ್ಣದು ಮೇಲೇಳುತ್ತದೆ. ಸೌಂಡ್‌ಬಾರ್‌ಗೆ ಸೆಂಟರ್ ಬೇರೆ ಇದ್ದರೆ ಅದೊಂದನ್ನೇ 2–3 ಡೆಸಿಬೆಲ್ ಏರಿಸಿ. ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಬೀಳುತ್ತಿದ್ದರೆ ಮಾತ್ರ ಇದಾವುದೂ ನಡೆಯುವುದಿಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ.

ಕನ್ನಡ ಡಬ್ಬಿಂಗ್ ಕೇಳಿದರೆ ಯಾರೋ ಗೋಡೆಯ ಹಿಂದೆ ನಿಂತು ಓದುತ್ತಿರುವ ಹಾಗಿತ್ತು. ನಮ್ಮ ಭಾಷೆಯೇ ಡಬ್ಬಿಂಗ್‌ಗೆ ಆಗಿಬರುವುದಿಲ್ಲವೆ?
— ಕಾಲೇಜು ವಿದ್ಯಾರ್ಥಿ, ಕುಮಟಾ

ಭಾಷೆಯ ಮೇಲೆ ಹೊರಿಸಬೇಡಿ, ಬರೆದವರ ಅವಸರ ಅದು. ಡಬ್ಬಿಂಗ್ ಬರೆಯುವವರು ಮೊದಲು ನೋಡಬೇಕಾದ್ದು ಅರ್ಥವನ್ನಲ್ಲ, ತುಟಿಯನ್ನು. ಪ, ಫ, ಬ, ಭ, ಮ ಬಂದಾಗ ತುಟಿ ಕೂಡುತ್ತದೆ. ಹತ್ತಿರದ ಶಾಟಿನಲ್ಲಿ ಕಣ್ಣು ಹಿಡಿಯುವುದು ಅದನ್ನೇ. ಈ ಚಿತ್ರದಲ್ಲಿ ನಾಯಕ ಮುಖ ತುಂಬ ಕ್ಯಾಮೆರಾ ಇಟ್ಟುಕೊಂಡು 'ಮಾರ್ ದೂಂಗಾ' ಅನ್ನುತ್ತಾನೆ. ಕನ್ನಡದಲ್ಲಿ ಕೇಳಿಸುವುದು 'ಕೊಂದು ಹಾಕುತ್ತೇನೆ'. ಅಲ್ಲಿ ತುಟಿ ಕೂಡಿದೆ, ಇಲ್ಲಿ ಮಾತು ಗಂಟಲಿನಿಂದ ಹೊರಟಿದೆ. ಅಲ್ಲಿ ಮೂರು ಹೊಡೆತ, ಇಲ್ಲಿ ಆರಕ್ಷರ. ಬಾಯಿ ಮುಚ್ಚಿದ ಮೇಲೂ ಮಾತು ಹರಿಯುತ್ತಿರುತ್ತದೆ. 'ಬಿಡಲ್ಲ' ಎಂದು ಬರೆದಿದ್ದರೆ? ಬ-ಕಾರಕ್ಕೆ ತುಟಿ ಕೂಡುತ್ತದೆ, ಮೂರೇ ಅಕ್ಷರ, ಕೊನೆಗೆ ಬಾಯಿ ತೆರೆದೇ ಇರುತ್ತದೆ. ಕೋಪವೂ ಹೆಚ್ಚು.

ಬೆನ್ನು ತಿರುಗಿಸಿದ ಶಾಟು, ದೂರದ ಶಾಟುಗಳಲ್ಲಿ ಈ ಕಟ್ಟು ಇಲ್ಲ. ಅಲ್ಲಿ ಸರಾಗವಾದ ಕನ್ನಡ ಬರೆಯಬಹುದಿತ್ತು. ಅಲ್ಲೂ 'ನಾನು ನಿನ್ನನ್ನು ಹುಡುಕಿಕೊಂಡು ಬಂದಿದ್ದೇನೆ' ಎಂಬ ಪಠ್ಯಪುಸ್ತಕ. ಕಾರವಾರದ ಮೀನುಗಾರ ಬೆಂಗಳೂರಿನ ಟಿವಿ ನಿರೂಪಕನ ಹಾಗೆ ಮಾತಾಡುವುದಕ್ಕೆ ಕ್ಷಮೆಯೇ ಇಲ್ಲ. ಒಂದೆರಡು ಕೊಂಕಣಿ ಮಾತು ಬೆರೆಸಿದ್ದರೆ ಏನು ಗಂಟು ಹೋಗುತ್ತಿತ್ತು?

'ಇನ್ನೂ 40 ಸೆಕೆಂಡ್ ಮಾತಾಡಿಸು, ಲೊಕೇಶನ್ ಸಿಗುತ್ತದೆ' ಅನ್ನುತ್ತಾರೆ. ಆಮೇಲೆ ದೇವಿಮನೆ ಘಟ್ಟದ ನಡುವೆ ಕೆಂಪು ಚುಕ್ಕೆ ಮಿನುಗುತ್ತದೆ. ನಿಜವೇ?
— ಓದುಗರೊಬ್ಬರು, ಯಲ್ಲಾಪುರ

ಎರಡೂ ತಪ್ಪು, ಅದೂ ವಿರುದ್ಧ ದಿಕ್ಕಿನಲ್ಲಿ. ಮೊಬೈಲ್ ಯಾವ ಟವರಿನಲ್ಲಿದೆ ಎಂಬುದು ಕರೆ ಸೇರಿದ ಕ್ಷಣವೇ ಕಂಪನಿಯ ದಾಖಲೆಯಲ್ಲಿರುತ್ತದೆ, ಮಾತು ಬೆಳೆಸಬೇಕಿಲ್ಲ. ಆದರೆ ಟವರ್ ಲೆಕ್ಕದಲ್ಲಿ ಅಷ್ಟು ಕರಾರುವಾಕ್ಕಾದ ಚುಕ್ಕೆ ಸಿಗಲು ಸುತ್ತ ಹಲವು ಟವರ್ ಬೇಕು. ಘಟ್ಟದ ಕಾಡಿನಲ್ಲಿ ಒಂದೇ ಟವರ್ ಸಿಕ್ಕರೆ ದಿಕ್ಕೂ ದೂರವೂ ಅಂದಾಜು ಮಾತ್ರ. ಹಳೆಯ ಜಿಎಸ್‌ಎಂ (2ಜಿ) ಜಾಲದಲ್ಲಿ ದೂರವನ್ನು ಸುಮಾರು 550 ಮೀಟರಿನ ಮೆಟ್ಟಿಲಿನಲ್ಲಿ ಅಳೆಯುತ್ತಾರೆ. ಚುಕ್ಕೆಯಲ್ಲ, ಇಡೀ ಒಂದು ಗುಡ್ಡದ ಮಗ್ಗುಲು ಕೆಂಪಾಗಬೇಕು.

ರಿವಾಲ್ವರಿಗೆ ಸೈಲೆನ್ಸರ್? — ಮುರ್ಡೇಶ್ವರ

ಹೆಚ್ಚಿನ ರಿವಾಲ್ವರುಗಳಲ್ಲಿ ಗುಂಡು ತುಂಬುವ ಸಿಲಿಂಡರಿಗೂ ನಳಿಗೆಗೂ ನಡುವೆ ಸಂದು ಇರುತ್ತದೆ, ಸದ್ದು ಅಲ್ಲಿಂದ ಸೋರುತ್ತದೆ. ಪಿಸ್ತೂಲಿಗೆ ಹಾಕಿದರೂ ಪಿಸುಗುಡುವುದಿಲ್ಲ. 160 ಡೆಸಿಬೆಲ್ ಆಸುಪಾಸಿನ ಸದ್ದು 20–35ರಷ್ಟು ಇಳಿಯುತ್ತದೆ ಅಷ್ಟೆ. ಪಕ್ಕದ ಕೋಣೆಯವರು ಏಳುತ್ತಾರೆ.

ಟ್ರೈಲರಿನಲ್ಲಿ ತೋರಿಸಿದ ನೇತ್ರಾಣಿ ದ್ವೀಪದ ನೀರೊಳಗಿನ ದೃಶ್ಯ ಚಿತ್ರದಲ್ಲೇ ಇಲ್ಲ. ನಾಲ್ಕು ಜನರ ಟಿಕೆಟ್ ಹಣ ವಾಪಸ್ ಕೇಳಬಹುದೆ?
— ಓದುಗರೊಬ್ಬರು, ಭಟ್ಕಳ

ಗ್ರಾಹಕ ಆಯೋಗಕ್ಕೆ ಹೋಗುವ ಮೊದಲು ಇದನ್ನು ತಿಳಿದುಕೊಳ್ಳಿ. ಹಿಂದಿ ಚಿತ್ರವೊಂದರ ಪ್ರಚಾರದಲ್ಲಿದ್ದ ಹಾಡು ಚಿತ್ರದಲ್ಲಿಲ್ಲವೆಂದು ಪ್ರೇಕ್ಷಕರೊಬ್ಬರು ದೂರು ಕೊಟ್ಟಿದ್ದರು. ರಾಷ್ಟ್ರೀಯ ಆಯೋಗದಲ್ಲಿ 10,000 ರೂಪಾಯಿ ಪರಿಹಾರ ಉಳಿದಿತ್ತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು: ಪ್ರಚಾರದ ಟ್ರೈಲರ್ ತನ್ನಷ್ಟಕ್ಕೆ ಒಪ್ಪಂದವೂ ಅಲ್ಲ, ವಾಗ್ದಾನವೂ ಅಲ್ಲ. ನಿಮ್ಮ ದೂರಿಗೂ ಅದನ್ನೇ ಎದುರು ಹಿಡಿಯುತ್ತಾರೆ. ಎಸಿ ಕೆಟ್ಟಿತ್ತು, ಪ್ರದರ್ಶನ ನಡುವೆ ನಿಂತಿತು ಎಂಬಂಥ ದೂರಿದ್ದರೆ ಮಾತು ಬೇರೆ. ಅದು ಸೇವೆಯ ಕೊರತೆ. ಟಿಕೆಟ್ ಚೂರು ಬಿಸಾಡದೆ ಇಟ್ಟುಕೊಂಡು ಅಲ್ಲಿಯೇ ಬರವಣಿಗೆಯಲ್ಲಿ ಕೊಡಿ.

ಯುಎ 16+ ಎಂದು ಹಾಕಿದ್ದರು. 12 ವರ್ಷದ ಮಗಳನ್ನು ಒಳಗೆ ಬಿಟ್ಟರು. ಬಿಡಬಾರದಿತ್ತಲ್ಲವೆ?
— ಗೃಹಿಣಿ, ಗೋಕರ್ಣ

ಬಿಡಬಹುದು. 2024ರಲ್ಲಿ ಯುಎ ದರ್ಜೆಯನ್ನು 7+, 13+, 16+ ಎಂದು ಮೂರಾಗಿ ಒಡೆದರು. ಆ ಅಂಕಿ ಇರುವುದು ತಂದೆತಾಯಿಯ ತೀರ್ಮಾನಕ್ಕೆ, ಗೇಟಿನವನ ತಪಾಸಣೆಗಲ್ಲ. 18ರ ಒಳಗಿನವರನ್ನು ತಡೆಯಲೇಬೇಕಾದದ್ದು ಎ ಪ್ರಮಾಣಪತ್ರದ ಚಿತ್ರಕ್ಕೆ. ಇದರಲ್ಲಿ ಎರಡನೆಯ ಕೊಲೆಯ ದೃಶ್ಯ ಮಕ್ಕಳಿಗೆ ಖಂಡಿತ ಬೇಡ. ಮಗಳು ಆಗ ನಿದ್ದೆ ಹೋಗಿದ್ದಳು ಎಂದು ನೀವೇ ಬರೆದಿದ್ದೀರಿ, ಒಳ್ಳೆಯದಾಯಿತು.