ಹಳೆ ಕಾಫಿ ಗಿಡ ಪೂರ್ತಿ ಕಿತ್ತು ಚಂದ್ರಗಿರಿ ತಳಿ ಹಾಕಬಹುದಾ?

ಸೋಮವಾರಪೇಟೆ ಕಡೆ ನಿಮಗೆ ಇರೋದು ಎರಡು ಎಕರೆ ಅರೇಬಿಕಾ ಅಂತ ಬರೆದಿದ್ದೀರಿ. ಹಾಗಿದ್ದರೆ ಒಂದೇ ಸಲ ಕೀಳಬೇಡಿ. ಹೊಸ ಗಿಡ ಫಸಲು ಕೊಡಲು ಮೂರು-ನಾಲ್ಕು ವರ್ಷ ಬೇಕು. ಅಲ್ಲಿವರೆಗೆ ಮನೆ ನಡೀಬೇಕಲ್ವಾ?

ಚಂದ್ರಗಿರಿ ಒಳ್ಳೆಯ ತಳಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 2007ರಲ್ಲಿ ಬಿಡುಗಡೆ ಮಾಡಿದ್ದು. ಗಿಡ ಗಿಡ್ಡ, ಕೊಯ್ಯೋದು ಸುಲಭ. ಎಲೆ ತುಕ್ಕು ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಬಿಳಿ ಕಾಂಡಕೊರಕ, ಅಂದರೆ ಗಿಡದ ಕಾಂಡ ಕೊರೆಯೋ ಹುಳು, ಬರೋದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತದೆ. ಬಿಸಿಲು ಜಾಸ್ತಿ ಬಿದ್ದ ಕಡೆ ಹುಳು ಜಾಸ್ತಿ. ಹೊಸ ತಳಿ ಹಾಕಿದೆವು ಅಂತ ನೆರಳಿನ ಮರ ಕಡಿದರೆ ನಷ್ಟ ನಿಮಗೇ.

ಮೊದಲು ಕೊರಕ ಹೊಡೆದ ಗಿಡ ಕಿತ್ತು ಸುಟ್ಟುಹಾಕಿ. ಆ ಜಾಗದಲ್ಲಿ ಮಾತ್ರ ಚಂದ್ರಗಿರಿ ನೆಡಿ. ಎಸ್.795 ಅನ್ನೋ ಹಳೆ ಅರೇಬಿಕಾ ತಳಿಯ ಆರೋಗ್ಯವಾಗಿರುವ ಗಿಡಗಳು ಇರಲಿ, ಅದರ ರುಚಿಗೆ ಇಂದಿಗೂ ಬೆಲೆಯಿದೆ. ನೆರಳಿನ ಮರಕ್ಕೆ ಕರಿಮೆಣಸು ಹಬ್ಬಿಸಿದ್ದರೆ ಈ ವರ್ಷಗಳಲ್ಲಿ ಅದೇ ಕೈ ಹಿಡಿಯುತ್ತದೆ.

ಬೀಜ ಮಾತ್ರ ಸಿಕ್ಕಲ್ಲಿ ತರಬೇಡಿ. ಕಾಫಿ ಮಂಡಳಿಯ ಚೆಟ್ಟಳ್ಳಿ ಉಪಕೇಂದ್ರದಲ್ಲಿ ವಿಚಾರಿಸಿ, ಮುಂಚೆಯೇ ಹೆಸರು ಬರೆಸಿಡಿ.